ಕಣ್ಣು ಕದಲದಿದ್ದರೂ ಪಾಪೆ ಚಿಕ್ಕದಾಗುತ್ತಾ?

ಓದುಗರ ಪ್ರಶ್ನೆ: ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ಗೊತ್ತು. ಬೆಳಕು ಹಾಗೇ ಇದ್ದು, ನೋಟವೂ ಕದಲದೆ, ಗಮನ ಮಾತ್ರ ಬೇರೆ ಕಡೆ ಹೋದರೆ?

ಆಗಲೂ ಪಾಪೆಯ ಗಾತ್ರ ಬದಲಾಗುತ್ತದೆ. ಎದುರಿಗಿದ್ದವರ ಮುಖ ನೋಡುತ್ತಲೇ ಬಾಗಿಲ ಕಡೆ ಗಮನ ಇಡುವುದು ನಮಗೆಲ್ಲ ರೂಢಿ ಅಲ್ವಾ? ಕಣ್ಣು ಒಂದು ಕಡೆ, ಗಮನ ಇನ್ನೊಂದು ಕಡೆ. ಇದನ್ನೇ 2013ರಲ್ಲಿ ಸೆಬಾಸ್ಟಿಯನ್ ಮಥೋತ್ ಮತ್ತು ಜೊತೆಗಾರರು ಪ್ರಯೋಗದಲ್ಲಿ ಹಿಡಿದರು. ಪರದೆಯ ಅರ್ಧ ಭಾಗ ಬೆಳ್ಳಗೆ, ಅರ್ಧ ಕಪ್ಪಗೆ. ನೋಟ ನಟ್ಟನಡುವಿನ ಚುಕ್ಕೆಯ ಮೇಲೇ ಇರಬೇಕು. ಗಮನ ಬೆಳಕಿನ ಭಾಗಕ್ಕೆ ಹೋದಾಗ ಪಾಪೆ, ಕತ್ತಲ ಭಾಗಕ್ಕೆ ಹೋದಾಗ ಇದ್ದದ್ದಕ್ಕಿಂತ ಚಿಕ್ಕದಾಗಿತ್ತು. ಪರದೆಯಿಂದ ಕಣ್ಣಿಗೆ ಬರುವ ಬೆಳಕು ಎರಡೂ ಸಲ ಒಂದೇ! ಪಾವೊಲಾ ಬಿಂಡಾ ಅವರ ತಂಡಕ್ಕೂ ಅದೇ ವರ್ಷ ಇಂಥದ್ದೇ ಫಲಿತಾಂಶ ಸಿಕ್ಕಿತು.

ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ. ಪಾಪೆ ಕುಗ್ಗುವುದು ಸುಮ್ನೆ ತಾನಾಗೇ ಆಗುವ ಕ್ರಿಯೆ ಅಂತ ಓದಿಕೊಂಡು ಬಂದಿದ್ದೇವೆ. ಆದರೆ ಯಾವ ಬೆಳಕಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದರಲ್ಲಿ ಮಿದುಳಿನ ಕೈವಾಡವೂ ಇದೆ. ಸೂರ್ಯನ ಚಿತ್ರ ನೋಡಿದರೆ, ಅಷ್ಟೇ ಬೆಳಕಿರುವ ಬೇರೆ ಚಿತ್ರಕ್ಕಿಂತ ಪಾಪೆ ಹೆಚ್ಚು ಕುಗ್ಗುತ್ತದೆ.

ಈ ವ್ಯತ್ಯಾಸ ಬಹಳ ಸಣ್ಣದು. ಪಾಪೆ ಸುಮಾರು 2ರಿಂದ 8 ಮಿಲಿಮೀಟರ್‌ವರೆಗೆ ಬದಲಾಗಬಲ್ಲದು. ಗಮನದಿಂದಾಗುವುದು ಅದರಲ್ಲಿ ಚೂರೇ ಚೂರು. ಕನ್ನಡಿಯಲ್ಲಿ ಕಾಣಲ್ಲ, ಕಣ್ಣಿನ ಚಲನೆ ಅಳೆಯುವ ಕ್ಯಾಮೆರಾ ಬೇಕು.

ಇನ್ನೊಂದು ಪರಿಣಾಮವನ್ನು ಇದರ ಜೊತೆ ಬೆರೆಸಬಾರದು. ತಲೆಗೆ ಕೆಲಸ ಹೆಚ್ಚಾದರೆ ಪಾಪೆ ಹಿಗ್ಗುತ್ತದೆ. 1966ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಜಾಕ್ಸನ್ ಬೀಟಿ ಅಂಕಿಗಳನ್ನು ಒಂದೊಂದಾಗಿ ಹೇಳಿ, ನೆನಪಿಟ್ಟುಕೊಳ್ಳಲು ಕೊಟ್ಟರು. ಅಂಕಿಗಳು ಕೂಡುತ್ತಾ ಹೋದಂತೆ ಪಾಪೆ ಅಗಲವಾಯಿತು. ತಿರುಗಿ ಒಪ್ಪಿಸುತ್ತಾ ಬಂದಂತೆ ಕುಗ್ಗಿತು. ಹಾಗಾಗಿ 'ಗಮನ ಕೊಟ್ಟರೆ ಪಾಪೆ ದೊಡ್ಡದಾಗುತ್ತೆ' ಅನ್ನುವುದು ಅರ್ಧ ಉತ್ತರ. ಎಷ್ಟು ಶ್ರಮ, ಎತ್ತ ಗಮನ, ಎರಡನ್ನೂ ಕೇಳಬೇಕು.

ಗಮನ ಹೋದ ಕಡೆಯ ಬೆಳಕಿಗೆ ತಕ್ಕಂತೆ ಪಾಪೆ ಬದಲಾಗುವುದನ್ನೇ 2016ರಲ್ಲಿ ಮಥೋತ್ ತಂಡ ಬರೆಯುವ ಸಾಧನವಾಗಿಸಿತು. ಅಕ್ಷರಗಳ ಹಿಂದಿನ ವೃತ್ತಗಳು ಸರದಿಯಂತೆ ಬೆಳ್ಳಗೆ, ಕಪ್ಪಗೆ ಆಗುತ್ತಿರುತ್ತವೆ. ಬೇಕಾದ ಅಕ್ಷರದ ಕಡೆ ಗಮನ ಇಟ್ಟರೆ ಸಾಕು, ಪಾಪೆ ಆ ವೃತ್ತದ ಜೊತೆಗೇ ಹಿಗ್ಗುತ್ತಾ ಕುಗ್ಗುತ್ತಾ ಹೋಗುತ್ತದೆ. ಅದನ್ನು ಅಳೆದು ಕಂಪ್ಯೂಟರ್ ಅಕ್ಷರ ಗುರುತಿಸುತ್ತದೆ. ಬರೆಯುವ ವೇಗ ಕಡಿಮೆ. ಆದರೆ ಕೈಕಾಲು, ಮಾತು, ಕಣ್ಣಿನ ಚಲನೆ ಕೂಡ ನಿಂತುಹೋದವರಿಗೆ ಮುಂದೊಂದು ದಿನ ಇದು ದಾರಿಯಾಗಬಹುದು ಅನ್ನುವ ಆಸೆ ಆ ಕೆಲಸದ ಹಿಂದಿದೆ.