ಇಲಿಗೆ ವಿಟಮಿನ್ ಸಿ ಮಾತ್ರೆ ಬೇಕಾ?

ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಇಲಿ ಆಹಾರದ ಚೀಲದ ಲೇಬಲ್ ಹಿಡಿದುಕೊಂಡು ನಮ್ಮ ಅನಿಮಲ್ ಹೌಸ್‌ಗೆ ಬಂದಳು. "ಸರ್, ಇದರಲ್ಲಿ ಎ, ಡಿ, ಇ ಎಲ್ಲ ಇವೆ. ಸಿ ಮಾತ್ರ ಇಲ್ಲ. ಕ್ಯಾನ್ಸರ್ ಪ್ರಯೋಗದ ಇಲಿಗಳಲ್ವಾ, ನೀರಿಗೆ ಮಾತ್ರೆ ಹಾಕಿಬಿಡಲಾ?"

ಬೇಡಮ್ಮ ಅಂದೆ. ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಲಿವರ್‌ನಲ್ಲಿ ಗ್ಲೂಕೋಸ್ ಹಂತ ಹಂತವಾಗಿ ಬದಲಾಗಿ ವಿಟಮಿನ್ ಸಿ ಆಗುತ್ತದೆ. ಕೊನೆಯ ಹಂತಕ್ಕೆ ಗುಲೋನೋಲ್ಯಾಕ್ಟೋನ್ ಆಕ್ಸಿಡೇಸ್ ಅನ್ನುವ ಕಿಣ್ವ ಬೇಕು. ನಮ್ಮಲ್ಲಿ ಆ ಕಿಣ್ವದ ಜೀನ್ ಕೆಟ್ಟುಹೋಗಿ ಕೋಟ್ಯಂತರ ವರ್ಷಗಳಾಗಿವೆ. ಅದಕ್ಕೇ ನಮಗೆ ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆ ಬೇಕು. ಮಂಗಗಳಿಗೂ ಗಿನಿಪಿಗ್‌ಗೂ ಅದೇ ಪಾಡು.

ಗಿನಿಪಿಗ್ ವಿಷಯದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಗಳ ಹಿಂದೆ ಒಂದು ಕಡೆ ಹಳೆಯ ಚೀಲಗಳ ಆಹಾರವನ್ನೇ ಗಿನಿಪಿಗ್‌ಗಳಿಗೆ ತಿನ್ನಿಸುತ್ತಿದ್ದರು. ವಿಟಮಿನ್ ಸಿ ಗಾಳಿಗೆ, ಶಾಖಕ್ಕೆ ಬೇಗ ಹಾಳಾಗುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ಗಿನಿಪಿಗ್ ಮೂಲೆ ಬಿಟ್ಟು ಏಳಲಿಲ್ಲ. ಮಂಡಿ ಊದಿತ್ತು, ತುಪ್ಪಳ ಒರಟಾಗಿತ್ತು. ಎತ್ತಿಕೊಂಡರೆ ಸಾಕು, ಕಿರುಚುತ್ತಿತ್ತು. ಕೀಲಿನೊಳಗೆ ರಕ್ತ ಸೋರಿ ನೋಯುತ್ತಿತ್ತು, ಪಾಪ. ಅದೇ ಸ್ಕರ್ವಿ, ವಿಟಮಿನ್ ಸಿ ಕೊರತೆಯ ಕಾಯಿಲೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಚ್ ಈ ಕಾಯಿಲೆಯನ್ನು ಗಿನಿಪಿಗ್‌ನಲ್ಲಿ ತೋರಿಸಿದ್ದರು. ಬರೀ ಕಾಳು ತಿಂದುಕೊಂಡೇ ಇರುವ ಇಲಿಗೆ ಹೀಗಾಗುವುದಿಲ್ಲ.

ಆದರೆ ಆ ಹುಡುಗಿಗೆ ನಾನು ನಿಜವಾಗಿ ಹೇಳಬೇಕಾಗಿದ್ದದ್ದು ಬೇರೆ. ಕ್ಯಾನ್ಸರ್ ತರಿಸಲು ಕೊಡುವ ಮೀಥೈಲ್‌ಕೊಲಾಂತ್ರೀನ್‌ನಂಥ ವಿಷ ಒಳಗೆ ಹೋದರೆ ಇಲಿಯ ಲಿವರ್ ವಿಟಮಿನ್ ಸಿ ತಯಾರಿಕೆಯನ್ನೇ ಜಾಸ್ತಿ ಮಾಡುತ್ತದೆ. ಮೂತ್ರದಲ್ಲಿ ಹೋಗುವ ಪ್ರಮಾಣವೂ ಏರುತ್ತದೆ. ಅಮೆರಿಕದ ಕಾನಿ ಮತ್ತು ಬರ್ನ್ಸ್ ಇದನ್ನು 1950ರ ದಶಕದ ಕೊನೆಯಲ್ಲೇ ತೋರಿಸಿದ್ದರು. ಅಂದರೆ ನೀವು ಮಾತ್ರೆ ಹಾಕುವ ಮೊದಲೇ, ವಿಷ ಕೊಟ್ಟ ಮತ್ತು ಕೊಡದ ಎರಡು ಗುಂಪುಗಳ ಇಲಿಗಳ ಮೈಯಲ್ಲಿ ವಿಟಮಿನ್ ಸಿ ಬೇರೆ ಬೇರೆ! ಆಮೇಲೆ ಗೆಡ್ಡೆ ಚಿಕ್ಕದಾದರೆ ಅದು ಮಾತ್ರೆಯಿಂದಲೋ, ಇಲಿಯ ಲಿವರ್‌ನಿಂದಲೋ, ಹೇಗೆ ಹೇಳುತ್ತೀರಿ?

ಇದಕ್ಕೆ ದಾರಿ ಇದೆ. ಜಪಾನಿನಲ್ಲಿ ವಿಸ್ಟಾರ್ ಅನ್ನುವ ಪ್ರಯೋಗಾಲಯದ ಇಲಿ ತಳಿಯಿಂದ ಬಂದ ಒಡಿಎಸ್ ಇಲಿಗೆ ಆ ಕಿಣ್ವ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಕೊಡದಿದ್ದರೆ ಅದಕ್ಕೂ ಸ್ಕರ್ವಿ ಬರುತ್ತದೆ. ಅದೇ ಜೀನ್ ತೆಗೆದುಹಾಕಿದ ಚಿಟ್ಟಿಲಿಯೂ ಇದೆ. ವಿಟಮಿನ್ ಸಿ ಕೊರತೆಯ ಪ್ರಶ್ನೆ ಕೇಳಬೇಕಾದರೆ ಇವನ್ನೇ ಕೇಳಬೇಕು.

ಲೆಕ್ಕದ ವಿಷಯದಲ್ಲೂ ಜನ ಎಡವುತ್ತಾರೆ. ಇಲಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 30 ಮಿಲಿಗ್ರಾಂ ಮಾಡಿಕೊಳ್ಳುತ್ತದೆ ಎಂದುಕೊಳ್ಳಿ. 60 ಕಿಲೋ ಮನುಷ್ಯನಿಗೆ ಗುಣಿಸಿದರೆ 1,800 ಮಿಲಿಗ್ರಾಂ. ಹಾಗಾದರೆ ನಾವೂ ಅಷ್ಟು ನುಂಗೋಣ ಅನ್ನುವವರಿದ್ದಾರೆ. ಚಿಕ್ಕ ಪ್ರಾಣಿಯ ಮೈ ನಮಗಿಂತ ಎಷ್ಟೋ ವೇಗವಾಗಿ ಉರಿಯುತ್ತದೆ, ಸುಮ್ನೆ ಗುಣಿಸಿದರೆ ಆಗಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಗಂಡಸರಿಗೆ ಹೇಳಿದ್ದು ದಿನಕ್ಕೆ 80 ಮಿಲಿಗ್ರಾಂ. ಅಮೆರಿಕದ ಮೇಯೋ ಕ್ಲಿನಿಕ್ 1979 ಮತ್ತು 1985ರಲ್ಲಿ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ಬಾಯಿ ಮೂಲಕ ಕೊಟ್ಟು ನೋಡಿತು. ಪ್ರಯೋಜನ ಕಾಣಲಿಲ್ಲ. ವಿಟಮಿನ್ ಸಿಯಿಂದ ಇಲಿಯ ಗೆಡ್ಡೆ ಚಿಕ್ಕದಾಯಿತು ಅನ್ನುವಂಥ ಸುದ್ದಿ ಓದಿ ಚಿಕಿತ್ಸೆ ಬಿಟ್ಟು ಮಾತ್ರೆ ಹಿಡಿಯುವ ಮನೆಯವರನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ.

ಹುಡುಗಿ ಎಥಿಕ್ಸ್ ಕಮಿಟಿಯ ಫಾರ್ಮ್‌ನಲ್ಲಿ ಮಾತ್ರೆಯ ಸಾಲು ಹೊಡೆದುಹಾಕಿದಳು. ಅಲ್ಲೇ ಕೆಳಗೆ, ಎರಡೂ ಗುಂಪಿನ ಇಲಿಗಳ ಲಿವರ್‌ನಲ್ಲಿ ವಿಟಮಿನ್ ಸಿ ಎಷ್ಟಿದೆ ಎಂದು ಅಳೆಯುವುದಾಗಿ ಬರೆದಳು.