ಕಂಬಿಯ ಮೇಲಿನ ಮೂರು ಸೆಂಟಿಮೀಟರ್

ತರಗತಿಯ ಸೂರಿನ ಮೂಲೆಯಲ್ಲಿ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆಯೊಂದು ಕಳಚಿ ಬಿದ್ದಿತ್ತು. ಬಿದ್ದ ಜಾಗದಲ್ಲಿ ಕಂಬಿ ಕಾಣುತ್ತಿತ್ತು. ಬೆಂಚಿನ ಮೇಲೆ ಹತ್ತಿ ನಿಂತು ಬೆರಳಿನಿಂದ ಉಜ್ಜಿದೆ. ನೆನೆದು ಒಣಗಿದ ಹಳೆಯ ಪುಸ್ತಕದ ಹಾಳೆಗಳಂತೆ ತುಕ್ಕು ಪದರ ಪದರವಾಗಿ ಬಿಟ್ಟುಕೊಂಡಿತು. “ಹೋದ ವಾರದ ಮಳೆಗೆ ಬಿತ್ತು ಸಾರ್. ರಜೆಯ ದಿನವಾದ್ದರಿಂದ ಬಚಾವಾದೆವು” ಎಂದರು ಮುಖ್ಯ ಶಿಕ್ಷಕಿ. ಗಾರೆ ಮೆತ್ತಿಸಿ ಬಣ್ಣ ಬಳಿಸುವ ಏರ್ಪಾಡೂ ಆಗಿತ್ತು.

ಪಾಪ, ಹೋದ ವಾರದ ಮಳೆಯ ಪಾಲು ಇದರಲ್ಲಿ ತೀರ ಕಡಿಮೆ. ಆ ಚಕ್ಕೆ ಬೀಳುವ ಕೆಲಸ ಆರಂಭವಾದದ್ದು, ಅದರ ಕೆಳಗೆ ಈಗ ಕೂರುವ ಮಕ್ಕಳು ಹುಟ್ಟುವುದಕ್ಕೂ ಮೊದಲು.

ಸರ್ಕಾರಿ ಶಾಲೆಯ ಕಟ್ಟಡಗಳ ಬಗ್ಗೆ ನಮ್ಮಲ್ಲಿ ಬೇರುಬಿಟ್ಟಿರುವ ಒಂದು ನಂಬಿಕೆ ನನ್ನನ್ನು ಬಹಳ ಕಾಡುತ್ತದೆ. ಕಾಂಕ್ರೀಟ್ ಎಂದರೆ ಕಲ್ಲು, ಒಮ್ಮೆ ಕಟ್ಟಿದರೆ ಮುಗಿಯಿತು, ಆಮೇಲೆ ಬೇಕಿರುವುದು ಆಗಾಗ ಸುಣ್ಣಬಣ್ಣ ಮಾತ್ರ ಎಂಬ ನಂಬಿಕೆ ಅದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಮುಂದೆ ಎಷ್ಟು ಮಕ್ಕಳು ಬರುತ್ತಾರೋ ಯಾರು ಬಲ್ಲರು, ಬಂದಾಗ ನೋಡಿಕೊಂಡರಾಯಿತು. ಸೂರಿನ ಕುಸಿತವೂ ಕೊಠಡಿಯ ಕೊರತೆಯೂ ವರ್ಷಗಟ್ಟಲೆ ಮೊದಲೇ ಸೂಚನೆ ಕೊಡುತ್ತವೆ, ಎರಡನ್ನೂ ಲೆಕ್ಕ ಹಾಕಲು ಬರುತ್ತದೆ ಎನ್ನುವುದೇ ನನ್ನ ವಾದ.

ಮೊದಲು ಕಾಂಕ್ರೀಟಿನ ವಿಷಯ. ಹೊಸ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಸುಣ್ಣದ ತಿಳಿನೀರಿನಂಥ ದ್ರವ ಇರುತ್ತದೆ. ಅದು ಬಲು ಕಟುವಾದ ಕ್ಷಾರ, ಪಿಎಚ್ 12.5ಕ್ಕಿಂತ ಹೆಚ್ಚು. ಅಂಥ ಕ್ಷಾರದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಕಂಬಿಯ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ತಲೆಗೂದಲನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ತೆಳುವಾದ ಪೊರೆ! ಮೂರು ಅಂತಸ್ತಿನ ಶಾಲೆಯೊಂದು ನಿಂತಿರುವುದು ಈ ಪೊರೆಯ ಭರವಸೆಯ ಮೇಲೆ. ಪೊರೆಯನ್ನು ಕಾಯುವುದು ಕ್ಷಾರ. ಕ್ಷಾರವನ್ನು ಕಾಯುವುದು ಕಂಬಿಯ ಮೇಲಿರುವ ಎರಡು ಮೂರು ಸೆಂಟಿಮೀಟರ್ ಕಾಂಕ್ರೀಟ್. ಮೇಸ್ತ್ರಿಗಳು ಅದನ್ನು ‘ಕವರ್’ ಎನ್ನುತ್ತಾರೆ.

ಈ ಕವರನ್ನು ತಿನ್ನುವುದು ಗಾಳಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ರಂಧ್ರಗಳ ಮೂಲಕ ಒಳನುಗ್ಗಿ ಸುಣ್ಣದೊಂದಿಗೆ ಬೆರೆತು ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಮಾಡುತ್ತದೆ. ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ್ದು ಸುಮಾರು 420. ಮಕ್ಕಳು ತುಂಬಿದ, ಕಿಟಕಿ ಮುಚ್ಚಿದ ಕೊಠಡಿಯಲ್ಲಿ 2000 ದಾಟುವುದುಂಟು. ಪಾಠ ಕೇಳುತ್ತಾ ಮಕ್ಕಳು ಬಿಡುವ ಉಸಿರು ಕೂಡ ತಲೆಯ ಮೇಲಿನ ಸೂರನ್ನು ಸದ್ದಿಲ್ಲದೆ ಬದಲಾಯಿಸುತ್ತಿರುತ್ತದೆ! ಗಾರೆ, ಬಣ್ಣಗಳು ಇದನ್ನು ನಿಧಾನಗೊಳಿಸುತ್ತವೆ. ನಿಲ್ಲಿಸುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನು ಮುಂದಿದೆ. ಈ ಬದಲಾವಣೆ ಒಳಕ್ಕೆ ಸಾಗುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣ. ಬಾವಿ ತೋಡುವವರನ್ನು ನೆನೆಸಿಕೊಳ್ಳಿ. ಮೊದಲ ಅಡಿಯ ಮಣ್ಣನ್ನು ಎತ್ತಿ ಎಸೆದರೆ ಸಾಕು. ಇಪ್ಪತ್ತನೆಯ ಅಡಿಯ ಮಣ್ಣನ್ನು ಇಪ್ಪತ್ತು ಅಡಿ ಮೇಲಕ್ಕೆ ಹೊರಬೇಕು. ಕಿಕ್ಕಿರಿದ ಸಂತೆಯಲ್ಲಿ ಒಳಗಿನ ಅಂಗಡಿಗೆ ಸರಕು ತಲುಪಿಸುವುದೂ ಇದೇ ಬಗೆ. ಪ್ರತಿ ಹೊಸ ಅಣುವೂ ಹಿಂದಿನವು ಗೆದ್ದ ದಾರಿಯನ್ನೆಲ್ಲ ದಾಟಿಕೊಂಡೇ ಮುಂದಿನ ಸುಣ್ಣದ ಕಣವನ್ನು ಮುಟ್ಟಬೇಕು. ಹಾಗಾಗಿ ಒಳಹೋದಷ್ಟೂ ವೇಗ ಕುಗ್ಗುತ್ತದೆ. ಒಂದು ಕಾಂಕ್ರೀಟಿನಲ್ಲಿ ಇದು ಮೊದಲ ವರ್ಷ 5 ಮಿಲಿಮೀಟರ್ ಸಾಗಿತೆನ್ನೋಣ. 15 ಮಿಲಿಮೀಟರ್ ತಲುಪಲು 9 ವರ್ಷ, 30 ಮಿಲಿಮೀಟರ್ ತಲುಪಲು 36 ವರ್ಷ. ಕಟ್ಟುವಾಗ ಕವರ್ ಅರ್ಧವಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ! ಕಂಬಿಯ ಕೆಳಗೆ ಇಡುವ ಪುಟ್ಟ ಕವರ್ ಬ್ಲಾಕ್‌ಗಳು ತೀರ ಅಗ್ಗದ ಸಾಮಗ್ರಿ. ಸುರಿಯುವ ಅವಸರದಲ್ಲಿ ಅವು ಸರಿದುಹೋದರೆ ಒಂದು ಕೊಠಡಿಯ 27 ವರ್ಷಗಳು ಅಲ್ಲೇ ಕಳೆದುಹೋದವು.

ಇದನ್ನು ಕಣ್ಣಾರೆ ನೋಡುವ ವಿಧಾನ ಶಾಲೆಯ ಪ್ರಯೋಗಾಲಯದಲ್ಲೇ ಇದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸಬೇಕು. ಕ್ಷಾರ ಉಳಿದಿರುವ ಕಡೆ ಕಡುಗುಲಾಬಿ ಬಣ್ಣ ಏಳುತ್ತದೆ, ಕ್ಷಾರ ಹೋದ ಕಡೆ ಬಣ್ಣವಿಲ್ಲ. ಅಂದು ನೆಲಕ್ಕೆ ಬಿದ್ದ ಚಕ್ಕೆಯನ್ನು ನಾವು ಒಡೆದು ಪರೀಕ್ಷಿಸಿದೆವು. ಅದರ ಉದ್ದಗಲದಲ್ಲಿ ಎಲ್ಲಿಯೂ ಗುಲಾಬಿ ಏಳಲಿಲ್ಲ. ಪಕ್ಕದ ಕೊಠಡಿಯ ತೊಲೆಯಲ್ಲಿ ಹೊರಗಿನ ಒಂದೂವರೆ ಸೆಂಟಿಮೀಟರ್ ಬೂದು, ಅದರಾಚೆ ಗುಲಾಬಿ. ಆ ತೊಲೆಗೆ ಇನ್ನೂ ಸಮಯವಿದೆ.

ಪೊರೆ ಕರಗಿದ ಕಂಬಿಗೆ ನೀರೂ ಆಮ್ಲಜನಕವೂ ಸಿಕ್ಕರೆ ತುಕ್ಕು ಶುರು. ತುಕ್ಕು ತನ್ನ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಬಂಡೆಯ ಸೀಳಿನಲ್ಲಿ ಬಲಿಯುವ ಬೇರಿನಂತೆ ಅದು ಒಳಗಿನಿಂದ ಒತ್ತುತ್ತದೆ. ಒತ್ತಡಕ್ಕೆ ಎದೆಕೊಡುವ ಕಾಂಕ್ರೀಟ್ ಎಳೆತಕ್ಕೆ ಬಲಹೀನ. ಸೀಳುತ್ತದೆ, ಆ ಸೀಳಿನಿಂದ ಇನ್ನಷ್ಟು ನೀರು ಇಳಿಯುತ್ತದೆ.

“ರೋಮನ್ನರು ಕಟ್ಟಿದ್ದು ಎರಡು ಸಾವಿರ ವರ್ಷ ನಿಂತಿದೆ, ನಮ್ಮದು ಮಾತ್ರ ಏಕೆ ಹೀಗೆ?” ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ರೋಮಿನ ಪ್ಯಾಂಥಿಯನ್ ಗುಮ್ಮಟ ಸುಮಾರು 43 ಮೀಟರ್ ಅಗಲ, ಕ್ರಿ.ಶ. ಎರಡನೆಯ ಶತಮಾನದ್ದು. ಅದರಲ್ಲಿ ಕಂಬಿಯೇ ಇಲ್ಲ! ಕಮಾನಿನ ಆಕಾರದಿಂದಲೇ ಭಾರವೆಲ್ಲ ಬಹುಮಟ್ಟಿಗೆ ಒತ್ತಡವಾಗಿ ಇಳಿಯುತ್ತದೆ. ಕಂಬಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗ ಜೋಸೆಫ್ ಮೊನಿಯೆ ಎಂಬ ಫ್ರೆಂಚ್ ತೋಟಗಾರ. ಗಿಡದ ತೊಟ್ಟಿಗಳು ಒಡೆಯದಿರಲಿ ಎಂದು ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಹುದುಗಿಸಿ 1867ರಲ್ಲಿ ಪೇಟೆಂಟ್ ಪಡೆದ. ಕಬ್ಬಿಣವೂ ಕಾಂಕ್ರೀಟೂ ಬಿಸಿಲಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬುದು ಪ್ರಕೃತಿ ಕೊಟ್ಟ ಅದೃಷ್ಟ. ಅದಿಲ್ಲದಿದ್ದರೆ ಚಪ್ಪಟೆ ತಾರಸಿಯ ಶಾಲೆಗಳೇ ಇರುತ್ತಿರಲಿಲ್ಲ. ಆ ಚಪ್ಪಟೆ ತಾರಸಿಗೆ ನಾವು ತೆರುವ ಬೆಲೆ, ಕಂಬಿಯನ್ನು ಸದಾ ಕಾಯಬೇಕಾದ ಹೊಣೆ.

ಕಾಯುವುದೆಂದರೆ ಮುಖ್ಯವಾಗಿ ನೀರನ್ನು ದೂರವಿಡುವುದು. ಕ್ಷಾರ ಕಳೆದುಕೊಂಡ ಕಾಂಕ್ರೀಟ್ ಒಣಗಿದ್ದರೆ ಕಂಬಿ ದಶಕಗಟ್ಟಲೆ ತಾಳಬಲ್ಲದು. ತಾರಸಿಯ ನೀರು ಇಳಿಯುವ ಕೊಳವೆಯ ಬಾಯಿಗೆ ಒಣಎಲೆ ಸಿಕ್ಕಿಕೊಂಡು ನೀರು ವಾರಗಟ್ಟಲೆ ನಿಂತರೆ ಆ ತಾಳ್ಮೆ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಒಬ್ಬರು ಒಂದು ಗಂಟೆ ತಾರಸಿಯ ಮೇಲೆ ಓಡಾಡಿ ಕೊಳವೆಯ ಬಾಯಿ ಬಿಡಿಸಿ ಬರುವುದು ನನ್ನ ದೃಷ್ಟಿಯಲ್ಲಿ ಯಾವ ಹೊಸ ಕಟ್ಟಡದ ಉದ್ಘಾಟನೆಗಿಂತಲೂ ದೊಡ್ಡ ಕೆಲಸ. 1980ರ ದಶಕದಲ್ಲಿ ಡಿ ಸಿಟ್ಟರ್ ಎಂಬ ಎಂಜಿನಿಯರ್ ‘ಐದರ ನಿಯಮ’ ಎಂಬ ಸ್ಥೂಲ ಲೆಕ್ಕ ಕೊಟ್ಟರು: ಕಟ್ಟುವಾಗ ಒಂದು ಪಾಲು ಖರ್ಚು ಉಳಿಸಿದರೆ ತುಕ್ಕಿಗೆ ಮುಂಚಿನ ನಿರ್ವಹಣೆಗೆ ಐದು, ತುಕ್ಕು ಹಿಡಿದ ಮೇಲಿನ ದುರಸ್ತಿಗೆ 25, ಕೈಮೀರಿದ ಮೇಲೆ 125 ಪಾಲು. ತುಕ್ಕಿನ ಮೇಲೆಯೇ ಗಾರೆ ಮೆತ್ತುವುದು ಈ ಏಣಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ಕೀವಿನ ಗಾಯಕ್ಕೆ ಪಟ್ಟಿ ಅಂಟಿಸಿದಂತೆ, ಎಚ್ಚರಿಕೆಯನ್ನೇ ಮುಚ್ಚಿಬಿಡುತ್ತದೆ.

ತಡಮಾಡಿದ ದೇಶಗಳು ಏನನ್ನು ಎದುರಿಸಿದವು ಎಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ. ಅಲ್ಲಿ ಯುದ್ಧಾನಂತರದ ದಶಕಗಳಲ್ಲಿ ಗುಳ್ಳೆಗಳಿಂದ ತುಂಬಿದ ಹಗುರ ಕಾಂಕ್ರೀಟ್ ಹಲಗೆಗಳನ್ನು ಅನೇಕ ಶಾಲೆಗಳ ತಾರಸಿಗೆ ಬಳಸಿದ್ದರು. 2018ರಲ್ಲಿ ಕೆಂಟ್‌ನ ಪ್ರಾಥಮಿಕ ಶಾಲೆಯೊಂದರ ತಾರಸಿ ಕುಸಿಯಿತು, ವಾರಾಂತ್ಯವಾದ್ದರಿಂದ ಮಕ್ಕಳಿರಲಿಲ್ಲ. 2023ರ ಆಗಸ್ಟ್ 31ರಂದು, ಶಾಲೆ ಆರಂಭಕ್ಕೆ ಕೆಲವೇ ದಿನಗಳಿರುವಾಗ, ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಕಟ್ಟಡಗಳನ್ನು ಮುಚ್ಚಲು ಸೂಚನೆ ಹೋಯಿತು.

ಇನ್ನು ಮಕ್ಕಳ ಲೆಕ್ಕ. ಐದು ವರ್ಷಗಳ ನಂತರ ಒಂದನೆಯ ತರಗತಿಗೆ ಬರುವ ಮಗು ಇವತ್ತು ಹುಟ್ಟಿ ಆಗಿದೆ. ಜನನ ನೋಂದಣಿಯಲ್ಲಿ ಅದರ ಹೆಸರಿದೆ. ಒಂದನೆಯ ತರಗತಿಯ 120 ಮಕ್ಕಳಲ್ಲಿ ಮರುವರ್ಷ ಎರಡನೆಯದರಲ್ಲಿ 114 ಇದ್ದರೆ ಅನುಪಾತ 0.95. ಹೀಗೆ ಪ್ರತಿ ಮೆಟ್ಟಿಲಿಗೂ ಕೆಲವು ವರ್ಷಗಳ ಸರಾಸರಿ ಅನುಪಾತ ತೆಗೆದು ಮುಂದಕ್ಕೆ ಗುಣಿಸುತ್ತಾ ಹೋಗುವುದಕ್ಕೆ ಯೋಜಕರು ಕೊಹಾರ್ಟ್ ಸರ್ವೈವಲ್ ವಿಧಾನ ಎನ್ನುತ್ತಾರೆ. ಹೊಸ ಬಡಾವಣೆ ಎದ್ದರೆ, ಕಾರ್ಖಾನೆ ಮುಚ್ಚಿದರೆ ತಿದ್ದಿಕೊಳ್ಳಬೇಕು, ಅಷ್ಟೇ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಒಂದು ಮೂಢನಂಬಿಕೆಯಿಂದ ಬಂದಿದೆ. ಜಪಾನಿನ ಪಂಚಾಂಗದಲ್ಲಿ 60 ವರ್ಷಕ್ಕೊಮ್ಮೆ ‘ಬೆಂಕಿಯ ಕುದುರೆ’ಯ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸಿಗೆ ಕಂಟಕ ಎಂಬ ನಂಬಿಕೆ. 1965ರಲ್ಲಿ ಅಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದರು. 1966ರಲ್ಲಿ 13.6 ಲಕ್ಷ, 1967ರಲ್ಲಿ 19.4 ಲಕ್ಷ! ಬುಲೆಟ್ ರೈಲು ಓಡಿಸುತ್ತಿದ್ದ ದೇಶದಲ್ಲಿ ಒಂದೇ ವರ್ಷ ಜನನ ಕಾಲು ಭಾಗ ಕುಸಿಯಿತು. ಹೆಣ್ಣುಮಕ್ಕಳನ್ನು ಹುಟ್ಟುವ ಮೊದಲೇ ಅಪರಾಧಿಗಳನ್ನಾಗಿಸಿದ ಆ ನಂಬಿಕೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಲ್ಲಿಯ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭ. ಆ ಮಕ್ಕಳಲ್ಲಿ ಬಹುಪಾಲು 1973ರಲ್ಲಿ ಒಂದನೆಯ ತರಗತಿಗೆ ಬಂದರು, 1979ರಲ್ಲಿ ಮಾಧ್ಯಮಿಕ ಶಾಲೆಗೆ. ಆ ತಗ್ಗು ತರಗತಿಯಿಂದ ತರಗತಿಗೆ ಸಾಗುವುದನ್ನು ಏಳು ವರ್ಷ ಮೊದಲೇ ಯಾರು ಬೇಕಾದರೂ ಕಾಗದದ ಮೇಲೆ ಬರೆದಿಡಬಹುದಿತ್ತು.

ದೇಶದ ಲೆಕ್ಕ ಸರಿ ಬಂದಷ್ಟು ಸುಲಭವಾಗಿ ಒಂದು ಶಾಲೆಯ ಲೆಕ್ಕ ಬರುವುದಿಲ್ಲ. ಇಲ್ಲಿ ಮತ್ತೆ ವರ್ಗಮೂಲ ಎದುರಾಗುತ್ತದೆ, ನನಗಂತೂ ಹಳೆಯ ಗೆಳೆಯ ಸಿಕ್ಕಷ್ಟು ಸಂತೋಷ! ಸರಾಸರಿ 2500 ಜನನವಿರುವ ಪ್ರದೇಶದಲ್ಲಿ ಆಕಸ್ಮಿಕ ಏರಿಳಿತ 50ರ ಆಸುಪಾಸು, ಅಂದರೆ ನೂರಕ್ಕೆ ಎರಡು. ಸರಾಸರಿ 25 ಇರುವ ಕಡೆ ಏರಿಳಿತ 5, ನೂರಕ್ಕೆ ಇಪ್ಪತ್ತು. ಒಂದು ವರ್ಷ 20 ಮಕ್ಕಳು ಬಂದರೆಂದು ಸಣ್ಣ ಶಾಲೆಯನ್ನು ಮುಚ್ಚುವ ಮಾತೆತ್ತುವವರು, 30 ಬಂದರೆಂದು ಕೊಠಡಿ ಕಟ್ಟಲು ಹೊರಡುವವರು, ಇಬ್ಬರೂ ಬರೀ ಆಕಸ್ಮಿಕದ ಬೆನ್ನುಹತ್ತಿರುತ್ತಾರೆ. ಕನಿಷ್ಠ ಐದು ವರ್ಷದ ಸರಾಸರಿ ನೋಡದೆ ನಿರ್ಧರಿಸಬಾರದು.

ಕಟ್ಟಡ ಅರವತ್ತು ವರ್ಷ ಬಾಳಬೇಕು, ಮುನ್ನಂದಾಜು ಹತ್ತು ವರ್ಷಕ್ಕಿಂತ ಮುಂದೆ ಮಸುಕು. ಹಾಗಾಗಿ ಭಾರವನ್ನು ಕಂಬ, ತೊಲೆಗಳು ಹೊತ್ತು ನಡುಗೋಡೆಗಳು ತೆಗೆಯಲು ಬರುವಂತಿದ್ದರೆ ಎರಡು ಕೊಠಡಿ ಒಂದಾಗಬಹುದು, ಒಂದು ಎರಡಾಗಬಹುದು. ಮೇಲೊಂದು ಅಂತಸ್ತು ಬೇಕಾದೀತು ಎನ್ನಿಸಿದರೆ ತಳಪಾಯವನ್ನು ಮೊದಲ ದಿನವೇ ಅದಕ್ಕೆ ತಕ್ಕಂತೆ ಹಾಕಬೇಕು. ಯಾವ ಕೊಠಡಿಯಲ್ಲಿ ಕಂಬಿ ಎಷ್ಟು ಆಳದಲ್ಲಿದೆ, ಗುಲಾಬಿಯ ಗಡಿ ಎಲ್ಲಿಗೆ ಬಂದಿದೆ ಎಂಬ ಪಟ್ಟಿಯನ್ನೂ ದಾಖಲಾತಿಯ ಮುನ್ನಂದಾಜನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಬೇಕು. ಮಕ್ಕಳು ಹೆಚ್ಚುವ ವರ್ಷವೇ ಕೊಠಡಿ ದುರಸ್ತಿಗೆ ಮುಚ್ಚಿದರೆ ಪಾಠ ಜಗಲಿಗೆ ಬರುತ್ತದೆ.

ಅಂದು ಹೊರಡುವಾಗ ಶಾಲೆಯ ಸಹಾಯಕರು ಇನ್ನೊಂದು ಕೊಠಡಿಗೆ ಕರೆದೊಯ್ದರು. ಕಿಟಕಿಯ ಮೇಲೆ ಸಣ್ಣ ಬಿರುಕು. ಅದರ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆದಿದ್ದರು, ಯಾರೂ ಹೇಳಿಕೊಡದೆ. ಹೀಗೆ ಐದು ಗೆರೆ. ಮೊದಲ ಮೂರರ ನಡುವೆ ಬೆರಳಗಲ ಅಂತರ. ಮೂರನೆಯದರ ಬಳಿಕ ತಾರಸಿಯ ಕೊಳವೆ ಬಿಡಿಸಿದ್ದಾಗಿ ಹೇಳಿದರು. ನಾಲ್ಕನೆಯ ಮತ್ತು ಐದನೆಯ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು.