ಒಂದೇ ಕಣ್ಣು ಮುಚ್ಚಿದ ಗೊಂಬೆ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಅಣ್ಣನ ಮಕ್ಕಳಿಬ್ಬರೂ ಕತೆ ಹೇಳು ಚಿಕ್ಕಪ್ಪ ಎಂದು ಗಂಟುಬಿದ್ದರು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವನಿಗೆ ಐದು. ನಮ್ಮ ಅಟ್ಟದ ಮೇಲೆ ಅಕ್ಕನ ಕಾಲದ ಒಂದು ಗೊಂಬೆ ಇದೆ. ಮಲಗಿಸಿದರೆ ಕಣ್ಣು ಮುಚ್ಚುತ್ತದಲ್ಲ, ಆ ಥರದ್ದು. ಅದನ್ನೇ ಕತೆಗೆ ತಂದೆ. ಒಂದು ರಾತ್ರಿ ಹುಡುಗಿ ಗೊಂಬೆಯನ್ನು ಮಲಗಿಸಿದಳಂತೆ, ಅವತ್ತು ಒಂದೇ ಕಣ್ಣು ಮುಚ್ಚಿತಂತೆ ಎಂದೆ. ದೊಡ್ಡವಳು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಚಿಕ್ಕವನು ಕೇಳಿದ: "ಪಾಪ, ಅದಕ್ಕೆ ನಿದ್ದೆ ಬಂದಿರ್ಲಿಲ್ವಾ?"

ಹೆದರಿದೆಯಾ ಅಂತ ದೊಡ್ಡವಳನ್ನು ಕೇಳಿದೆ. "ಹೆದರಿಕೆ ಏನಿಲ್ಲ. ಒಂಥರಾ ಆಯ್ತು, ಅಷ್ಟೇ" ಅಂದಳು.

ಈ 'ಒಂಥರಾ' ಎಷ್ಟು ಚೆನ್ನಾದ ಪದ ನೋಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಆಗುವುದು ಹೆದರಿಕೆ. ಏನು ಮಾಡಬೇಕೆಂದು ಕಾಲಿಗೇ ಗೊತ್ತಿರುತ್ತದೆ. ಗೊಂಬೆಯ ಎದುರು ಹಾಗಲ್ಲ. ಎದ್ದು ಓಡಲು ಕಾರಣವಿಲ್ಲ, ನೆಮ್ಮದಿಯಾಗಿ ಕೂತಿರಲೂ ಆಗುವುದಿಲ್ಲ. 2016ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಂಕ್ ಮ್ಯಾಕ್‌ಆಂಡ್ರೂ ಮತ್ತು ಸಾರಾ ಕೋಂಕೆ 1,341 ಜನರನ್ನು ಕೇಳಿ ಈ ಭಾವನೆಯನ್ನು ಅಳೆಯಲು ಹೊರಟರು. ಅವರ ಪ್ರಕಾರ ಅಪಾಯ ಇದೆಯೋ ಇಲ್ಲವೋ ತೀರ್ಮಾನಿಸಲಾಗದೆ ಮನಸ್ಸು ನಡುವೆ ಸಿಕ್ಕಿಕೊಂಡಾಗ ಹೀಗಾಗುತ್ತದೆ.

ಗೊಂಬೆಯ ವಿಷಯದಲ್ಲಿ ಆ ಅನುಮಾನ ಒಂದೇ: ಇದಕ್ಕೆ ಜೀವ ಇದೆಯಾ? ಜರ್ಮನಿಯ ವೈದ್ಯ ಅರ್ನ್ಸ್ಟ್ ಯೆಂಚ್ 1906ರಲ್ಲೇ ಇದನ್ನು ಹಿಡಿದಿದ್ದ. ಹಾಫ್‌ಮನ್ ಎಂಬ ಕತೆಗಾರ ಇದರಲ್ಲಿ ಪಳಗಿದ ಕೈ ಎಂದೂ ಬರೆದ. ಪಾತ್ರವೊಂದು ಮನುಷ್ಯನೋ ಯಂತ್ರವೋ ಎಂಬ ಸಂಶಯವನ್ನು ಓದುಗನಲ್ಲಿ ಉಳಿಸಬೇಕು. ಆದರೆ ಅವನ ಗಮನ ನೇರವಾಗಿ ಆ ಸಂಶಯದ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬಿದ್ದರೆ ಅವನು ಕೂತು ಬಿಡಿಸಿಬಿಡುತ್ತಾನೆ. ಮಕ್ಕಳಿಗೆ ಭೂತದ ಕತೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಸಿಕ್ಕಿಲ್ಲ. ಗೊಂಬೆ ಚಾಕು ಹಿಡಿದು ಅಟ್ಟಿಸಿಕೊಂಡು ಬಂತೋ, ಒಂಥರಾ ಮುಗಿಯಿತು. ಆಮೇಲೆ ಅದು ಗಿಡ್ಡ ಕಳ್ಳ, ಅಷ್ಟೇ.

ಈ ಅನುಮಾನ ಮುಖದ ಯಾವ ಜಾಗದಲ್ಲಿ ಕೂತಿದೆ? ಡಾರ್ಟ್ಮತ್ ಕಾಲೇಜಿನ ಕ್ರಿಸ್ಟೀನ್ ಲೂಸರ್ ಮತ್ತು ಥೇಲಿಯಾ ವೀಟ್ಲಿ 2010ರಲ್ಲಿ ಗೊಂಬೆಯ ಮುಖವನ್ನು ಹಂತಹಂತವಾಗಿ ಮನುಷ್ಯನ ಮುಖವಾಗಿಸುವ ಚಿತ್ರಗಳನ್ನು ಮಾಡಿ ಜನರಿಗೆ ತೋರಿಸಿದರು. ಅರ್ಧ ದಾಟಿದರೂ ಜನ ಒಪ್ಪಲಿಲ್ಲ. ಸುಮಾರು ಮೂರನೇ ಎರಡು ಭಾಗ ಮನುಷ್ಯನಾದ ಮೇಲೇ ಜೀವ ಇದೆ ಅಂದರು. ಆ ತೀರ್ಪಿಗೆ ಮೂಗು, ಬಾಯಿಗಿಂತ ಜಾಸ್ತಿ ನೆರವಾದದ್ದು ಕಣ್ಣು.

ಚನ್ನಪಟ್ಟಣದ ಗೊಂಬೆ ಯಾರನ್ನೂ ಹೆದರಿಸುವುದಿಲ್ಲ, ಯಾಕೆ ಅಂತ ಈಗ ಹೊಳೆಯಿತಲ್ವಾ? ಉರುಟು ತಲೆ, ಅರಗಿನ ಬಣ್ಣ, ಕಣ್ಣಿನ ಜಾಗದಲ್ಲಿ ಎರಡು ಚುಕ್ಕೆ. ಮನುಷ್ಯನಂತಿರುವ ಆಸೆಯೇ ಅದಕ್ಕಿಲ್ಲ. ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಹೇಳಿದ್ದೂ ಇದೇ. ಆಟಿಕೆ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತಾ ಹೋಗುತ್ತದೆ. ಹೆಚ್ಚುಕಡಿಮೆ ಮನುಷ್ಯನೇ ಅನ್ನಿಸುವ ಹೊತ್ತಿಗೆ ಆ ಇಷ್ಟ ದಿಢೀರನೆ ಕುಸಿಯುತ್ತದೆ. ಆ ಕುಸಿತಕ್ಕೆ ಅವರು 'ಬುಕಿಮಿ ನೊ ತಾನಿ' ಎಂದು ಹೆಸರಿಟ್ಟರು. ಒಂಥರಾ ಕಣಿವೆ ಅನ್ನಬಹುದು. ಕೃತಕ ಕೈ ಅವರು ಕೊಟ್ಟ ಉದಾಹರಣೆ. ನೋಡಲು ಥೇಟ್ ಕೈ. ಕುಲುಕಿದರೆ ತಣ್ಣಗೆ, ಮೂಳೆ ಇಲ್ಲದ ಹಾಗೆ.

ಈ ಕಣಿವೆಗೆ ದುಡ್ಡು ಸುರಿದು ಬಿದ್ದವರಲ್ಲಿ ಥಾಮಸ್ ಎಡಿಸನ್ ಕೂಡ ಒಬ್ಬ. 1890ರಲ್ಲಿ ಆತ ಮಾತಾಡುವ ಗೊಂಬೆಯನ್ನು ಅಂಗಡಿಗೆ ತಂದ. 22 ಇಂಚು ಎತ್ತರ, ಪಿಂಗಾಣಿ ತಲೆ, ಮರದ ಕೈಕಾಲು, ತಗಡಿನ ಮೈ. ಮೈಯೊಳಗೆ ಪುಟ್ಟ ಫೋನೋಗ್ರಾಫ್, ಅಂದರೆ ಧ್ವನಿ ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ. ಆಗ ಧ್ವನಿಮುದ್ರಿಕೆಯ ಪ್ರತಿ ತೆಗೆಯುವ ದಾರಿ ಇರಲಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಯುವತಿಯರು ಕೂತು, ಒಂದೊಂದು ಗೊಂಬೆಗೂ ಬೇರೆಬೇರೆಯಾಗಿ ಶಿಶುಗೀತೆಯನ್ನು ಕೂಗಿ ಹೇಳಬೇಕಿತ್ತು. ಮಗು ಬೆನ್ನಿನ ಹಿಡಿಯನ್ನು ತಿರುಗಿಸಿದರೆ ಗೊಂಬೆ ಹಾಡಬೇಕು. ತಿರುಗಿಸುವ ವೇಗ ಹೆಚ್ಚಾದರೆ ಕೀರಲು, ಕಮ್ಮಿಯಾದರೆ ಗೊಗ್ಗರು. ಮೇಣದ ಮುದ್ರಿಕೆ ಬೇರೆ ಬೇಗ ಸವೆಯುತ್ತಿತ್ತು. ಬಟ್ಟೆ ತೊಡಿಸದ ಗೊಂಬೆಗೇ ಹತ್ತು ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು.

ಉಳಿದ ಮುದ್ರಿಕೆಗಳಿಗೆ ಮುಳ್ಳು ತಾಗಿಸಿದರೆ ಹಾಳಾದಾವು ಎಂಬ ಭಯ. ಕೊನೆಗೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ತಂತ್ರದಿಂದ ಗೆರೆಗಳನ್ನು ಮುಟ್ಟದೆ, ಬೆಳಕಿನಿಂದಲೇ ಓದಿ, ಕಂಪ್ಯೂಟರಿನಲ್ಲಿ ಧ್ವನಿ ಹೊರಡಿಸಿದರು. 2015ರಲ್ಲಿ ಅವು ಎಲ್ಲರ ಕಿವಿಗೂ ಬಿದ್ದವು. ನಾನು ಹಗಲಲ್ಲೇ ಕೇಳಿದೆ. ಮಲಗುವ ಮುಂಚಿನ ಪ್ರಾರ್ಥನೆಯೊಂದಿದೆ. ದೂರದ ಬಾವಿಯೊಳಗಿಂದ ಯಾರೋ ಅರಚಿದ ಹಾಗೆ ಇದೆ. ಎರಡನೇ ಸಲ ಹಾಕಲಿಲ್ಲ.

ಈಗ ನಮ್ಮ ಐದು ವರ್ಷದವನ ವಿಷಯಕ್ಕೆ ಬರುತ್ತೇನೆ. 1919ರಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ ಯೆಂಚ್‌ನ ಜೊತೆ ಜಗಳಕ್ಕೆ ಇಳಿದ. ಗೊಂಬೆಗೆ ಜೀವ ಬಂದರೆ ಪುಟ್ಟ ಮಕ್ಕಳು ಹೆದರುವುದಿಲ್ಲ, ಬರಲಿ ಎಂದೇ ಬಯಸಬಹುದು ಅನ್ನುವುದು ಅವನ ವಾದ. ಫ್ರಾಯ್ಡ್ ಹೇಳಿದ್ದರಲ್ಲಿ ನಾನು ನಂಬುವುದು ಕಮ್ಮಿ, ಆದರೆ ಇಲ್ಲಿ ಆತ ಗೆದ್ದ. ನೂರು ವರ್ಷದ ನಂತರ ಮಿಶಿಗನ್ ವಿಶ್ವವಿದ್ಯಾಲಯದ ಕಿಂಬರ್ಲಿ ಬ್ರಿಂಕ್ ಮತ್ತು ಜೊತೆಗಾರರು 3ರಿಂದ 18 ವರ್ಷದ 240 ಮಕ್ಕಳಿಗೆ ರೋಬಾಟ್‌ಗಳ ವಿಡಿಯೋ ತೋರಿಸಿದರು. ಚಿಕ್ಕವರಿಗೆ ಮನುಷ್ಯನಂತಿರುವ ರೋಬಾಟ್ ಬೇರೆಯದಕ್ಕಿಂತ ವಿಚಿತ್ರ ಅನ್ನಿಸಲೇ ಇಲ್ಲ. ಅದಕ್ಕೆ ಮನಸ್ಸಿದೆ ಅನ್ನಿಸಿದಷ್ಟೂ ಅವರಿಗೆ ಹಿತವಾಯಿತು. ಸುಮಾರು ಒಂಬತ್ತು ವರ್ಷ ದಾಟಿದವರಿಗೆ ತಿರುಗಾಮುರುಗಾ. ಯಂತ್ರಕ್ಕೆ ಮನಸ್ಸಿದೆ ಅನ್ನಿಸುವುದೇ ಕಳವಳ.

ಅಂದರೆ ಗೊಂಬೆಯ ಕತೆಗೆ ಹೆದರಲು ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ವಸ್ತುಗಳು ಆ ಕಡೆ, ಮನಸ್ಸಿರುವವರು ಈ ಕಡೆ. ಚಿಕ್ಕವನು ಇನ್ನೂ ಗೆರೆ ಎಳೆದಿಲ್ಲ. ಅವನ ಲೋಕದಲ್ಲಿ ಗೊಂಬೆಗೆ ಹಸಿವಾಗುತ್ತದೆ, ನಿದ್ದೆ ಕೆಡುತ್ತದೆ, ಅದರಲ್ಲಿ ವಿಶೇಷವೇನು? ಅವನ ಅಕ್ಕ ಎಳೆದುಕೊಂಡಿದ್ದಾಳೆ. ಅದಕ್ಕೇ ಯಾರಾದರೂ ಅದನ್ನು ದಾಟಿದರೆ ಅವಳಿಗೆ ಗೊತ್ತಾಗುತ್ತದೆ.

ಮಾರನೇ ಬೆಳಿಗ್ಗೆ ಅಟ್ಟದಿಂದ ಗೊಂಬೆ ಇಳಿಸಿ, ದೊಡ್ಡವಳ ಎದುರೇ ಅದರ ತಲೆ ಕಿತ್ತೆ. ಒಳಗೆ ಪ್ರತಿ ಕಣ್ಣಿನ ಹಿಂದೆ ಒಂದು ಪುಟ್ಟ ತೂಕ. ಮಲಗಿಸಿದಾಗ ತೂಕ ಜಗ್ಗುತ್ತದೆ, ಕಣ್ಣು ಹೊರಳುತ್ತದೆ, ರೆಪ್ಪೆ ಮುಚ್ಚುತ್ತದೆ. ಎಡಗಣ್ಣಿನ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಬೆಂಕಿಕಡ್ಡಿಯಿಂದ ಕೆರೆದು ತೆಗೆದೆ. ಅವಳೇ ಗೊಂಬೆಯನ್ನು ಹತ್ತಿಪ್ಪತ್ತು ಸಲ ಮಲಗಿಸಿ ಎಬ್ಬಿಸಿ ನೋಡಿದಳು. ಎರಡೂ ಕಣ್ಣು ಸರಿಯಾಗಿ ಮುಚ್ಚುತ್ತಿದ್ದವು.

"ಗೊತ್ತಾಯ್ತು ಚಿಕ್ಕಪ್ಪ" ಅಂದಳು. "ಆದ್ರೂ ರಾತ್ರಿ ಇದನ್ನ ಹಾಲ್‌ನಲ್ಲೇ ಇಡು."